ಒಂದಲ್ಲ, ಎರಡಲ್ಲ

ಆ ಸಿನಿಮಾದ ನಾಯಕ ಒಬ್ಬ ಯೆಹೂದಿ ದರ್ಜಿ. ಪೂರ್ವ ಯೂರೋಪಿನ ಯಾವುದೋ ಸಣ್ಣ ಊರಿನವನು. ಮದುವೆ ದಲ್ಲಾಳಿಯ ಕಾಟ ತಾಳಲಾರದೆ ತನ್ನದೇ ಅಂಗಡಿಯ ಮರದ ಬೀರುವಿನೊಳಗೆ ಅಡಗಿ ಕೂರುತ್ತಾನೆ. ಬಾಗಿಲು ತೆರೆದು ಹೊರಗೆ ಬಂದರೆ ನೂರು ವರ್ಷ ಕಳೆದುಹೋಗಿದೆ. ಬೀರು ಒಂದು ದೊಡ್ಡ ಮಾಲಿನ ಪೀಠೋಪಕರಣದ ಮಳಿಗೆಯಲ್ಲಿದೆ, ಮೇಲೆ ರಿಯಾಯಿತಿ ಚೀಟಿ ಅಂಟಿಸಿದ್ದಾರೆ. ಇದೆಲ್ಲ ಹೇಗಾಯಿತೆಂದು ಸಿನಿಮಾ ಹೇಳುವುದಿಲ್ಲ, ದರ್ಜಿಯೂ ಕೇಳುವುದಿಲ್ಲ. ಅವನಿಗಿರುವುದು ಒಂದೇ ಚಿಂತೆ. ಅಂದು ಅವನ ಅಪ್ಪನ ವರ್ಷದ ತಿಥಿ. ಹೊತ್ತು ಮುಳುಗುವುದರೊಳಗೆ ಅಪ್ಪನ ಹೆಸರಿನಲ್ಲಿ ಪ್ರಾರ್ಥನೆ ಹೇಳಬೇಕು. ಅವರ ಪದ್ಧತಿಯಲ್ಲಿ ಅದನ್ನು ಒಬ್ಬನೇ ಹೇಳುವಂತಿಲ್ಲ. ಅವರದೇ ಮತದ ಹತ್ತು ಗಂಡಸರು ಕೂಡಿರಬೇಕು. ಒಂಬತ್ತಾದರೆ ನಡೆಯದು. ದರ್ಜಿ ಆ ಮಾಲಿನಲ್ಲಿ ತಾನೂ ಸೇರಿ ಹತ್ತು ಜನರನ್ನು ಕೂಡಿಸುವುದೇ ಕಥೆ.

ಇದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವುದು ನನ್ನ ಕೆಲಸವಾಗಿತ್ತು. ಹಾಸ್ಯ ಚಿತ್ರವನ್ನು ನನ್ನಂಥವನ ಕೈಗೆ ಕೊಡಬಾರದಿತ್ತು. ಮನೆಯಿಂದ ಹೊರಟು ಅರ್ಧ ದಾರಿಯಲ್ಲಿ, ಗ್ಯಾಸ್ ಆರಿಸಿದೆನೇ ಎಂದು ತಿರುಗಿ ಬರುವವನು ನಾನು. ಆರಿಸಿದ್ದನ್ನು ನೋಡಿ ಸಮಾಧಾನಪಟ್ಟು ಹೋದವನು, ಈಗ ಬಾಗಿಲು ಹಾಕಿದೆನೇ ಎಂದು ಇನ್ನೊಮ್ಮೆ ಬರುತ್ತೇನೆ.

ಕೊಲ್ಲಿಯ ಈ ಊರಿನಲ್ಲಿ, ಮರೀನಾ ಕಡೆ ಟ್ರಾಮ್ ಹಳಿ ಹಾಕಲು ರಸ್ತೆಯನ್ನೆಲ್ಲ ಅಗೆದಿಟ್ಟಿದ್ದ ಕಾಲ ಅದು. ಅದರ ಎದುರಿಗೆ, ಜುಮೇರಾ ಲೇಕ್ ಟವರ್ಸ್‌ನ ಒಂದು ಗೋಪುರದಲ್ಲಿ ನಮ್ಮ ಕಚೇರಿ. ವಿಮಾನದ ಸೀಟಿನ ಬೆನ್ನಿಗಿರುವ ಪುಟ್ಟ ಪರದೆಗಳಿಗೆ ಸಿನಿಮಾಗಳನ್ನು ಸಿದ್ಧಪಡಿಸಿ ಕೊಡುತ್ತಿದ್ದೆವು. ನಾನು ಹನ್ನೊಂದು ವರ್ಷ ಅಲ್ಲಿ ಇಂಗ್ಲಿಷ್, ಹಿಂದಿ ಫೈಲುಗಳ ತಪ್ಪು ಹುಡುಕುತ್ತಿದ್ದವನು. ಹಿಂದಿ ವಿಭಾಗ ಬೇರೆ ದೇಶಕ್ಕೆ ಹೋದ ವರ್ಷ, ಗ್ರಾಹಕರು ಕನ್ನಡವನ್ನು ಆರು ತಿಂಗಳು ಪರೀಕ್ಷಿಸಿ ನೋಡೋಣ ಎಂದರು. ಕನ್ನಡ ವಿಭಾಗ ಎಂದರೆ ಒಂದು ಕುರ್ಚಿ, ಅದರ ಮೇಲೆ ನಾನು.

ಪರೀಕ್ಷೆಯ ನಿಯಮ ಸರಳವಿತ್ತು. ಕನ್ನಡ ಓದಬಲ್ಲ ಐವರು ಹೊರಗಿನವರು ಸಿನಿಮಾ ನೋಡಬೇಕು. ಕಂಪನಿಯವರಾಗಲಿ, ಅವರ ಮನೆಯವರಾಗಲಿ ಆಗದು. ಪ್ರತಿ ಮುಖ್ಯ ದೃಶ್ಯಕ್ಕೂ ‘ಅರ್ಥವಾಯಿತು’ ಅಥವಾ ‘ಆಗಲಿಲ್ಲ’ ಎಂದು ಗುರುತು ಹಾಕಿ ಸಹಿ ಮಾಡಬೇಕು. ಒಂದು ಸಿನಿಮಾಕ್ಕೆ ಮೂರು ಅವಕಾಶ. ಐದೂ ಸಹಿ ಸರಿಯಾಗಿ ಬಂದರೆ ಕನ್ನಡ ಪಟ್ಟಿಗೆ ಸೇರುತ್ತದೆ. ಇಲ್ಲವಾದರೆ ಪಟ್ಟಿಯಿಂದ ಕನ್ನಡವೂ, ಕುರ್ಚಿಯಿಂದ ನಾನೂ ಹೋಗುತ್ತೇವೆ. ವೀಸಾ ಕಂಪನಿಯದು. ಮಗಳು ಹನ್ನೆರಡನೇ ತರಗತಿಯ ನಡುವಿನಲ್ಲಿದ್ದಳು. ದರ್ಜಿಯ ಸಿನಿಮಾ ಪರೀಕ್ಷೆಯ ಕೊನೆಯದು.

ಮೊದಲ ಮೂರು ದಿನ ನಾನು ಒಂದಕ್ಷರವನ್ನೂ ಬರೆಯಲಿಲ್ಲ. ‘ಯೆಹೂದಿ’ ಎಂಬ ಪದವನ್ನು ಈ ದೇಶದ ಕಚೇರಿಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಏನಾದೀತು ಎಂಬ ಯೋಚನೆಯಲ್ಲೇ ಕಳೆದೆ. ಯಾರಲ್ಲಾದರೂ ಕೇಳೋಣವೆಂದರೆ, ಕೇಳಿದ್ದೇ ತಪ್ಪಾದರೆ? ಕೊನೆಗೆ ಟೈಮಿಂಗ್ ಮೇಲ್ವಿಚಾರಕಿಯ ಮೇಜಿನ ಬಳಿ ಹೋಗಿ ನಿಂತೆ. ಆಕೆ ಅಲೆಕ್ಸಾಂಡ್ರಿಯಾದ ಈಜಿಪ್ಟ್ ಹೆಂಗಸು. ಪರದೆಯ ಮೇಲೆ ಯಾವ ಸಾಲು ಯಾವ ಕ್ಷಣಕ್ಕೆ ಮೂಡಿ ಯಾವಾಗ ಮಾಯವಾಗಬೇಕೆಂದು ನಿರ್ಧರಿಸುವವಳು. ನನ್ನನ್ನು ‘ಉಸ್ತಾಝ್’, ಅಂದರೆ ಗುರುಗಳೇ, ಎಂದು ಕರೆಯುತ್ತಿದ್ದಳು. ಅದು ಗೌರವವೋ ಗೇಲಿಯೋ ಇವತ್ತಿಗೂ ನನಗೆ ಗೊತ್ತಿಲ್ಲ.

“ಈ ಕಥೆ... ಇದರ ನಾಯಕ...” ಎಂದು ನಾನು ಇಂಗ್ಲಿಷಿನಲ್ಲಿ ರಾಗ ಎಳೆದೆ.

“ದರ್ಜಿ. ಏನೀಗ?”

“ಅಲ್ಲ, ಯಾವ ಮತದ ದರ್ಜಿ ಅಂತ...”

ಆಕೆ ಕನ್ನಡಕ ತೆಗೆದಿಟ್ಟಳು. “ನನ್ನ ಅಜ್ಜಿಯ ದರ್ಜಿಯೂ ಯೆಹೂದಿಯೇ, ಉಸ್ತಾಝ್. ಹೊಲಿಗೆ ಚೆನ್ನಾಗಿತ್ತಂತೆ, ಹೇಳಿದ ದಿನಕ್ಕೆ ಕೊಡುತ್ತಿರಲಿಲ್ಲವಂತೆ. ದರ್ಜಿ ಅಂದರೆ ದರ್ಜಿ. ಬೇಡದ್ದನ್ನೆಲ್ಲ ಕತ್ತರಿಸಿಯೇ ಸಿನಿಮಾ ಇಲ್ಲಿಗೆ ಬಂದಿದೆ. ನಿಮ್ಮ ಕೆಲಸ ಅಕ್ಷರ. ಯಲ್ಲಾ, ಹೋಗಿ ಬರೀರಿ.”

ಹೋಗಿ ಬರೆದೆ. ಬರೆದದ್ದೇ ಎಡವಟ್ಟಾಯಿತು. ನೂರು ವರ್ಷ ಹಿಂದಿನ ಮನುಷ್ಯ ಅಲ್ಲವೇ, ಅವನ ಮಾತು ಹಳೆಯದಾಗಿ ಕೇಳಬೇಕು ಎಂದುಕೊಂಡೆ. ಉಡುಪಿ ಕಡೆ ಹುಟ್ಟಿ ಬೆಳೆದವನ ಕಿವಿಯಲ್ಲಿ ಹಳೆಯ ಮಾತು ಎಂದರೆ ಯಕ್ಷಗಾನದ ಮಾತೇ. ಹಾಗಾಗಿ ದರ್ಜಿ ಮಾಲಿನ ಕಾವಲುಗಾರನಿಗೆ “ಎಲವೋ, ನಿನ್ನ ನಾಮಧೇಯವೇನು?” ಎಂದ. ಎಸ್ಕಲೇಟರ್ ನೋಡಿ “ಭಲಾ! ಇದೆಂಥ ಸೋಜಿಗ!” ಎಂದ. ನನಗೆ ಬಹಳ ಖುಷಿಯಾಯಿತು. ಮನೆಯಲ್ಲಿ ಹೆಂಡತಿಗೆ ಓದಿ ತೋರಿಸಿದೆ.

“ಕಿರೀಟ ಎಲ್ಲಿ?” ಅಂದಳು.

“ಯಾರ ಕಿರೀಟ?”

“ಈ ನಿಮ್ಮ ದರ್ಜಿಯದ್ದು. ಇಷ್ಟು ಅಬ್ಬರ ಮಾಡುವವನಿಗೆ ಕಿರೀಟ, ಗೆಜ್ಜೆ ಎಲ್ಲ ಬೇಡ್ವಾ?”

ಮಗಳು ತಲೆ ಎತ್ತದೆ ಇಂಗ್ಲಿಷಿನಲ್ಲಿ, ಅಪ್ಪಾ ದಯವಿಟ್ಟು ಇದನ್ನು ಯಾರಿಗೂ ತೋರಿಸಬೇಡಿ ಎಂದಳು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಅಬುಧಾಬಿಯಲ್ಲಿದ್ದ ಗ್ರಾಹಕರ ಪರಿಶೀಲಕಿ ಬೆಂಗಳೂರಿನವರು. ಅವರು ಒಂದೇ ಸಾಲು ಬರೆದು ವಾಪಸು ಕಳಿಸಿದರು: “ಇವನು ಪ್ರಾರ್ಥನೆಗೆ ಹೊರಟಿದ್ದಾನೋ ಯುದ್ಧಕ್ಕೋ?” ಮೊದಲ ಅವಕಾಶ ಹೀಗೆ, ಐವರು ನೋಡುವ ಮೊದಲೇ, ಕೈಬಿಟ್ಟು ಹೋಯಿತು.

ಎರಡನೆಯ ಸಲ ದರ್ಜಿಯನ್ನು ಮನೆಮಾತಿಗೆ ಇಳಿಸಿದೆ. ಅವನ ಹಳೆಯತನ ಇದ್ದದ್ದು ಪದಗಳಲ್ಲಿ ಅಲ್ಲ, ಮಾಲಿನಲ್ಲೂ ಎಲ್ಲರಿಗೂ “ಊಟ ಆಯ್ತಾ?” ಎಂದು ಕೇಳಿಯೇ ಮಾತು ಶುರು ಮಾಡುವುದರಲ್ಲಿ ಎಂದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಆದರೆ ಈಗ ಯಂತ್ರದ ಜಗಳ ಶುರುವಾಯಿತು. ಸಾಲಿಗೆ ಮೂವತ್ತೆಂಟು ಅಕ್ಷರ ಮೀರಬಾರದು. ನಮ್ಮ ತಂತ್ರಾಂಶ ಕಾಗುಣಿತ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತಿತ್ತು. ನಾವು ಒಂದೇ ಅಕ್ಷರವೆನ್ನುವ ‘ಸ್ತ್ರೀ’ ಅದರ ಲೆಕ್ಕದಲ್ಲಿ ಆರು. ಅಷ್ಟು ಸಾಲದೆಂಬಂತೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಎರಡೂ ಕಲಸಿಹೋಗುತ್ತಿದ್ದವು. ‘ಅಪ್ಪ’ನ ಕಾಲು ಕತ್ತರಿಸಿ ‘ಅಪ’ನಾಗಿದ್ದ. ಸೀಟಿನ ಪರದೆಗೆ ಕನ್ನಡ ಲಿಪಿ ಗೊತ್ತಿಲ್ಲದ್ದರಿಂದ ಪ್ರತಿ ಸಾಲನ್ನೂ ಚಿತ್ರವಾಗಿ ಮಾಡಿ ಕೂರಿಸಬೇಕಿತ್ತು. ಸಾಲುಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತಾ, ಮತ್ತೆ ಚಿತ್ರ ಮಾಡಿಸುತ್ತಾ ಒಂಬತ್ತು ದಿನ ಹೋದವು. ಕೊನೆಗೆ ಅಪ್ಪನಿಗೆ ಕಾಲು ಬಂತು.

ಐವರು ನೋಡಲು ಬಂದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಅವರ ಹೆಗಲುಗಳನ್ನು ನೋಡುತ್ತಿದ್ದೆ. ನಗು ಬಂದರೆ ಹೆಗಲು ಮೊದಲು ಅಲುಗುತ್ತದೆ. ಅರ್ಧ ಸಿನಿಮಾದವರೆಗೆ ಅಲುಗಿದವು. ಆಮೇಲೆ ಎಣಿಕೆಯ ದೃಶ್ಯ ಬಂತು.

ಸಿನಿಮಾದ ಜೀವವೇ ಆ ದೃಶ್ಯ. ದರ್ಜಿ ಮಾಲಿನ ಮೂಲೆಮೂಲೆಯಿಂದ ತನ್ನವರನ್ನು ಹುಡುಕಿ ತಂದು ಬೂಟಿನ ಅಂಗಡಿಯೊಳಗೆ ಸಾಲಾಗಿ ನಿಲ್ಲಿಸುತ್ತಾನೆ. ಹೊರಗೆ ಬಿಸಿಲು ಇಳಿಯುತ್ತಿದೆ. ತನ್ನನ್ನೂ ಸೇರಿಸಿ, ಬೆರಳು ತೋರಿಸುತ್ತಾ ಎಣಿಸುತ್ತಾನೆ. ಆದರೆ ಮನುಷ್ಯರನ್ನು ಎಣಿಸಿದರೆ ಕಣ್ಣು ತಾಗುತ್ತದೆಂಬುದು ಅವರ ಹಳೆಯ ನಂಬಿಕೆ. ಅದಕ್ಕೆ ಅವನು ಒಂದು, ಎರಡು ಎನ್ನುವುದಿಲ್ಲ. ಒಂದು ಅಲ್ಲ, ಎರಡು ಅಲ್ಲ, ಮೂರು ಅಲ್ಲ ಎನ್ನುತ್ತಾ ಹೋಗುತ್ತಾನೆ. ಕೇಡು ತರುವ ದೃಷ್ಟಿಗೆ ಹೀಗೆ ಮಣ್ಣೆರಚಿ ‘ಒಂಬತ್ತು ಅಲ್ಲ’ ಎನ್ನುವಲ್ಲಿಗೆ ಸಾಲು ಮುಗಿಯುತ್ತದೆ. ಅವನ ಬೆರಳು ಖಾಲಿ ಜಾಗದ ಮುಂದೆ ನಿಲ್ಲುತ್ತದೆ. ಒಬ್ಬ ಕಡಿಮೆ. ಅಲ್ಲಿ ಮೊದಲು ನಗಬೇಕು, ಕೊನೆಗೆ ನಗು ಗಂಟಲಲ್ಲಿ ಸಿಕ್ಕಿಕೊಳ್ಳಬೇಕು.

ಐದು ಜೊತೆ ಹೆಗಲುಗಳೂ ಕಲ್ಲಿನಂತಿದ್ದವು. ಐವರಲ್ಲಿ ನಾಲ್ವರು ಆ ದೃಶ್ಯಕ್ಕೆ ‘ಅರ್ಥವಾಗಲಿಲ್ಲ’ ಎಂದು ಗುರುತು ಹಾಕಿದರು. ಒಬ್ಬರು ಕೆಳಗೆ ಬರೆದಿದ್ದರು: “ಬೇಕಾದಷ್ಟು ಜನ ಇದ್ದಾರೆ ಎಂದು ಅವನೇ ಹೇಳುತ್ತಾನೆ. ಮತ್ತೆ ಯಾಕೆ ಹುಡುಕುತ್ತಾನೆ?”

ಬೇಕಾದಷ್ಟು ಜನ ಇದ್ದಾರೆ ಎಂದು ದರ್ಜಿ ಎಲ್ಲೂ ಹೇಳಿರಲಿಲ್ಲ. ನಾನು ಎಲ್ಲೂ ಬರೆದಿರಲಿಲ್ಲ. ಫೈಲನ್ನು ನಾಲ್ಕು ಸಲ ಓದಿದೆ. ಮಾರನೆಯ ದಿನ ಸಂಜೆ ಮೆಟ್ರೋ ಹಿಡಿದು ನೈಫ್ ಪೇಟೆಗೆ ಹೋದೆ. ಆ ಟಿಪ್ಪಣಿ ಬರೆದವರಿಗೆ ಅಲ್ಲಿ ಸೂಟ್‌ಕೇಸ್ ಅಂಗಡಿಯಿದೆ. ಮಂಗಳೂರು ಕಡೆಯ ಬ್ಯಾರಿಗಳು, ಅರವತ್ತು ದಾಟಿದ ಹಾಜಿ. ಬರವಣಿಗೆ ಕೆಲಸದವನೆಂದು ನನ್ನನ್ನು ಮಾಷ್ಟ್ರೇ ಎನ್ನುತ್ತಿದ್ದರು.

“ಎಂತ ಮಾಷ್ಟ್ರೇ, ಇಲ್ಲಿವರೆಗೆ? ನಾನು ಬರೆದದ್ದರಿಂದ ತೊಂದರೆ ಆಯ್ತಾ? ಕೂತ್ಕೊಳ್ಳಿ, ಸುಲೇಮಾನಿ ಹೇಳ್ತೇನೆ.”

“ತೊಂದರೆ ಇಲ್ಲ ಹಾಜಿಯವ್ರೇ. ಬೇಕಾದಷ್ಟು ಜನ ಇದ್ದಾರೆ ಅಂತ ಅವ ಎಲ್ಲಿ ಹೇಳಿದ್ದು, ಅಷ್ಟು ಹೇಳಿ.”

“ಬೂಟಿನ ಅಂಗಡಿಯಲ್ಲಿ ಹೇಳುದಿಲ್ವಾ? ‘ಒಂದಲ್ಲ, ಎರಡಲ್ಲ’ ಅಂತ. ನಮ್ಮ ಟಿವಿಯವರು ಹೇಳಿದ ಹಾಗೆ. ಒಂದಲ್ಲ ಎರಡಲ್ಲ, ಬರೋಬ್ಬರಿ ಒಂಬತ್ತು! ನಾನು ಗ್ರೇಶಿದೆ, ಇವ ಜಂಬ ಕೊಚ್ಚುದು ಅಂತ.”

ನಾನು ಚಹಾದ ಲೋಟ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಕನ್ನಡದಲ್ಲಿ ‘ಒಂದಲ್ಲ, ಎರಡಲ್ಲ’ ಎಂದರೆ ಲೆಕ್ಕವಿಲ್ಲದಷ್ಟು ಎಂದು ಎಲ್‌ಕೆಜಿ ಮಗುವಿಗೂ ಗೊತ್ತು. ತಿಂಗಳುಗಟ್ಟಲೆ ಇಂಗ್ಲಿಷಿನ ಮೇಲೆ ಕಣ್ಣಿಟ್ಟು ಕೂತ ನನಗೆ ಮಾತ್ರ ಮರೆತುಹೋಗಿತ್ತು. ಲೆಕ್ಕ ತಪ್ಪಿಸಲು ದರ್ಜಿ ಆಡಿದ ಮಾತು ನನ್ನ ಕೈಯಲ್ಲಿ ಲೆಕ್ಕ ಹೆಚ್ಚಿಸುವ ಮಾತಾಗಿತ್ತು.

ಹಾಜಿಯವರಿಗೆ ನಿಜವಾದ ಅರ್ಥ ಹೇಳಿದೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟರು.

“ಅದನ್ನು ಮೊದಲೇ ಹೇಳ್ಬಾರ್ದಾ? ನಮ್ಮಲ್ಲಿ ಜುಮಾ ನಮಾಜಿಗೆ ನಲವತ್ತು ಜನ ಆಗ್ಬೇಕು ಮಾಷ್ಟ್ರೇ. ನಮ್ಮದು ನದಿ ಮಧ್ಯದ ಕುದ್ರು, ಸಣ್ಣ ಪಳ್ಳಿ. ಮಳೆಗಾಲದಲ್ಲಿ ಮೂವತ್ತೊಂಬತ್ತಕ್ಕೆ ನಿಲ್ತಿತ್ತು. ನನ್ನ ಬಾಪ ಕಡವಿನಲ್ಲಿ ನಿಂತು ದೋಣಿಗೆ ಕಾಯುದು. ಯಾರು ಇಳಿದ್ರೂ ಸರಿ, ಕೈ ಹಿಡಿದು ಎಳ್ಕೊಂಡು ಬರುದು. ಒಬ್ಬ ಕಡಿಮೆ ಆದ್ರೆ ಏನು ಅಂತ ನನಗೆ ಗೊತ್ತುಂಟು.” ಲೋಟವನ್ನು ಬದಿಗೆ ಸರಿಸಿದರು. “ನಮ್ಮ ಉಮ್ಮನೂ ಹಾಗೇ. ಮಕ್ಕಳನ್ನು ಎಣಿಸ್ಲಿಕ್ಕೆ ಬಿಡ್ತಿರ್ಲಿಲ್ಲ. ಆದ್ರೆ ಅವ ಹಾಗೆ ಹೇಳಿದ್ರೆ ಯಾರಿಗೆ ಗೊತ್ತಾಗ್ತದೆ? ಒಬ್ಬೊಬ್ಬನನ್ನು ತೋರಿಸಿ ಹೇಳ್ಬೇಕಲ್ವಾ?” ಎಂದು ಎದ್ದು, ಸಾಲಾಗಿ ನಿಲ್ಲಿಸಿದ್ದ ಸೂಟ್‌ಕೇಸುಗಳ ಹಿಡಿಕೆಗಳನ್ನು ಮುಟ್ಟುತ್ತಾ ಹೋದರು. “ಇವ ಒಂದಲ್ಲ. ಇವ ಎರಡಲ್ಲ. ಇವ ಮೂರಲ್ಲ...”

‘ಇವ’. ಎರಡೇ ಅಕ್ಷರ. ಅದು ಮುಂದೆ ಬಂದದ್ದೇ ತಡ, ಟಿವಿಯವರ ಅಬ್ಬರ ಅಡಗಿ, ಒಬ್ಬ ಮನುಷ್ಯ ಎದುರು ಬಂದು ನಿಂತಿದ್ದ.

ಮರುದಿನ ಫೈಲ್ ತೆರೆದಾಗ ತಪ್ಪಿನ ಇನ್ನೊಂದು ಮುಖ ಕಂಡಿತು. ಎಲ್ಲ ಭಾಷೆಗಳಿಗೂ ಒಂದೇ ಅಚ್ಚು ಕೊಡುತ್ತಿದ್ದರು. ಸಾಲುಗಳು ಮೂಡಿ ಮರೆಯಾಗುವ ವೇಳೆ ಅದರಲ್ಲಿ ಮೊದಲೇ ಬೀಗ ಹಾಕಿ ಕೂತಿರುತ್ತದೆ. ಪರದೆಯ ಮೇಲೆ ಯಾವ ಸಾಲೂ ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಬಾರದೆಂದು ನಿಯಮ. ದರ್ಜಿ ಬೇಗಬೇಗ ಎಣಿಸುವುದರಿಂದ ಅಚ್ಚಿನಲ್ಲಿ ಎರಡೆರಡು ಎಣಿಕೆಯನ್ನು ಒಟ್ಟು ಸೇರಿಸಿದ್ದರು. ಹಾಗಾಗಿಯೇ ‘ಒಂದಲ್ಲ, ಎರಡಲ್ಲ’ ಅಂಟಿಕೊಂಡು ಬಂದದ್ದು. ‘ಇವ’ ಕೆಲಸ ಮಾಡಬೇಕಾದರೆ ಪ್ರತಿ ಬೆರಳಿಗೂ ಬೇರೆ ಬೇರೆ ಸಾಲು ಬೇಕು. ಅಂದರೆ ಬೀಗ ತೆಗೆಯಬೇಕು. ಬೇರೆ ಯಾವ ಭಾಷೆಯವರೂ ಕೇಳದ್ದನ್ನು, ಪಟ್ಟಿಯಲ್ಲಿ ಇರುವುದೋ ಇಲ್ಲವೋ ಎಂಬಂತಿದ್ದ ಕನ್ನಡದವನು ಕೇಳಬೇಕು. ಹನ್ನೊಂದು ವರ್ಷದಲ್ಲಿ ನಾನು ಆ ಕಚೇರಿಯಲ್ಲಿ ಕೇಳಿದ್ದು ಕಾಲು ಸರಿಯಿರುವ ಒಂದು ಕುರ್ಚಿ ಮಾತ್ರ. ಅದನ್ನೂ ಇ-ಮೇಲಿನಲ್ಲಿ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೋಗಿ ಕೇಳಿದೆ.

“ಮಾಫಿ,” ಎಂದಳು ಮೇಲ್ವಿಚಾರಕಿ. ಇಲ್ಲ ಎಂದರೆ ಇಲ್ಲ. “ಸಾಲುಗಳ ಸಂಖ್ಯೆ ಮೂಲಕ್ಕೆ ಹೊಂದದಿದ್ದರೆ ಯಂತ್ರ ಫೈಲನ್ನು ಹೊರಗೆಸೆಯುತ್ತದೆ. ನಾನು ನನ್ನ ಹೆಸರಿನಲ್ಲಿ ಬರೆದುಕೊಡಬೇಕಾಗುತ್ತದೆ. ಏನೆಂದು ಬರೆಯಲಿ?”

“ನಮ್ಮ ಭಾಷೆಯಲ್ಲಿ ಒಂದಲ್ಲ, ಎರಡಲ್ಲ ಅಂದರೆ ಬಹಳ ಅಂತ ಅರ್ಥ.”

“ಒಂದೂ ಅಲ್ಲ, ಎರಡೂ ಅಲ್ಲ. ಅಂದರೆ ಬಹಳ?”

“ಹೌದು.”

“ಹಾಗಾದರೆ ಸೊನ್ನೆಗೆ ಏನನ್ನುತ್ತೀರಿ?”

ಸಾಮಾನ್ಯವಾಗಿ ನಾನು ಇಲ್ಲಿ ಕ್ಷಮೆ ಕೇಳಿ ಹಿಂದಿರುಗುವವನು. ಆದರೆ ಅಂದು ಅವಳ ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಇಟ್ಟು, ಹಾಜಿಯವರಂತೆ ಒಂದೊಂದನ್ನೇ ಮುಟ್ಟಿ ಎಣಿಸಿ ತೋರಿಸಿದೆ. ಒಂಬತ್ತನೆಯದಾದ ಮೇಲೆ ಬೆರಳನ್ನು ಖಾಲಿ ಜಾಗಕ್ಕೆ ತಂದು ನಿಲ್ಲಿಸಿದೆ.

ಆಕೆ ಪೆನ್ನುಗಳನ್ನು ನೋಡಿದಳು. “ಒಂಬತ್ತು ಸಾಲು. ಮುಕ್ಕಾಲು ಸೆಕೆಂಡಿಗೊಂದು. ನಿಮ್ಮವರು ಅಷ್ಟು ಬೇಗ ಓದುತ್ತಾರೆಯೇ?”

“‘ಇವ’ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದೆ. ಅಂಕಿ ಮಾತ್ರ ಓದಿದರೆ ಸಾಕು.”

“ಖಲಾಸ್. ಬೀಗ ತೆಗೆಯುತ್ತೇನೆ. ಸಹಿ ನನ್ನದು, ಉಸ್ತಾಝ್. ನೆನಪಿರಲಿ.”

ಅಲ್ಲಿಗೆ ನನ್ನ ಚಿಂತೆಗೆ ಇನ್ನೊಬ್ಬರ ಕೆಲಸವೂ ಸೇರಿಕೊಂಡಿತು.

ಮೂರನೆಯ ಅವಕಾಶದಲ್ಲಿ ಅದೇ ಐವರಿಗೆ ತಿದ್ದಿದ ಭಾಗವನ್ನಷ್ಟೇ, ಇಪ್ಪತ್ತು ನಿಮಿಷ ತೋರಿಸಿದರೆ ಸಾಕಿತ್ತು. ಮಧ್ಯಾಹ್ನ ಒಂದೂವರೆಗೆ. ಎರಡೂವರೆಗೆ ಅಬುಧಾಬಿಗೆ ಫಲಿತಾಂಶ ಹೋಗಬೇಕು. ಒಂದು ಇಪ್ಪತ್ತಕ್ಕೆ ನಾಲ್ವರು ಬಂದು ಕೂತಿದ್ದರು. ಫೋನ್ ಹೊಡೆದುಕೊಂಡಿತು.

“ಮಾಷ್ಟ್ರೇ, ಅಂಗಡಿಗೆ ಬಲದಿಯಾದವರು ಬಂದಿದ್ದಾರೆ, ಮುನ್ಸಿಪಾಲಿಟಿ ತಪಾಸಣೆಗೆ. ನಾನು ಹೊರಡುವ ಹಾಗಿಲ್ಲ. ಬೇರೆ ಯಾರನ್ನಾದರೂ ಕೂರಿಸಿ ಮಾರಾಯ್ರೆ, ಬೇಜಾರು ಮಾಡ್ಬೇಡಿ.”

“ನಾಲ್ವರಿದ್ದರೆ ನಡೆಯುವುದಿಲ್ಲವೇ?” ಎಂದು ಮೇಲ್ವಿಚಾರಕಿಯನ್ನು ಕೇಳಿದೆ. ಆಕೆ ಗೋಡೆಯ ಗಡಿಯಾರ ನೋಡಿದಳು. ನಾನು ಕೆಳಗೆ ಓಡಿದೆ.

ಜುಮೇರಾ ಲೇಕ್ ಟವರ್ಸ್‌ನಲ್ಲಿ ಸಾವಿರಾರು ಜನ. ಅವರಲ್ಲಿ ಕನ್ನಡ ಓದುವವರೊಬ್ಬರು ಬೇಕು, ಈಗಲೇ. ಕೆಫೆಟೇರಿಯಾದವನ ಬಳಿ ಕನ್ನಡ ಬರುತ್ತದೆಯೇ ಎಂದೆ. “ಕನ್ನಡ ಇಲ್ಲ ಚೇಟಾ, ಪೊರೋಟ ಉಂಟು,” ಎಂದ. ಸೂಪರ್‌ಮಾರ್ಕೆಟ್ಟಿನ ಕ್ಯಾಶಿಯರ್ ಕಾಸರಗೋಡಿನವನು. ಮಾತಾಡಿದ, ಓದಲು ಬರುವುದಿಲ್ಲವೆಂದ. ಕೆರೆಯ ಪಕ್ಕ ಟೈ ಕಟ್ಟಿದ ಹುಡುಗನೊಬ್ಬನ ಫೋನಿನಲ್ಲಿ “ಅಮ್ಮಾ” ಎಂಬುದು ಕೇಳಿ ಅಡ್ಡಗಟ್ಟಿದೆ. ತಾಯಿ ತಂದೆ ಮೈಸೂರಿನವರಂತೆ, ತಾನು ಹುಟ್ಟಿದ್ದು ಶಾರ್ಜಾದಲ್ಲಿ, ತನ್ನ ಹೆಸರನ್ನು ಮಾತ್ರ ಕನ್ನಡದಲ್ಲಿ ಓದಬಲ್ಲೆ ಎಂದು ಇಂಗ್ಲಿಷಿನಲ್ಲಿ ಹೇಳಿ ಸಾರಿ ಕೇಳಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮದೇ ಗೋಪುರದ ನೆಲಮಹಡಿಯಲ್ಲಿ ಒಂದು ಕ್ಲಿನಿಕ್ ಇದೆ. ಅದರ ಗಾಜಿನ ಬಾಗಿಲಲ್ಲಿ ನಿಂತ ನರ್ಸ್ ಒಬ್ಬರು ಫೋನಿಗೆ ಹೇಳುತ್ತಿದ್ದರು: “ಇಡಬೇ ಯವ್ವಾ, ಊಟಾ ಮಾಡಿ ಆಮ್ಯಾಲೆ ಮಾಡ್ತೀನಿ.”

“ಮೇಡಂ, ನೀವು ಕನ್ನಡ ಓದ್ತೀರಾ?”

ಅವರು ಒಂದು ಹೆಜ್ಜೆ ಹಿಂದೆ ಸರಿದರು. “ಯಾಕ್ರೀ ಸರ? ಏನಾತು? ಬಿಪಿ ಏರೇತೇನ್ರಿ? ಕೂಡ್ರಿ ಮೊದಲ.”

“ಬಿಪಿ ಇದೆ, ಅದು ಆಮೇಲೆ. ಇಪ್ಪತ್ತು ನಿಮಿಷ ಒಂದು ಸಿನಿಮಾ ನೋಡ್ಬೇಕು.”

“ಅಯ್ಯ, ಗುರ್ತಿಲ್ಲ ಪರಿಚಯಿಲ್ಲ, ಸಿನಿಮಾಕ್ಕ ಕರೀತೀರಲ್ರೀ!”

ಮೈ ಬೆವರಿನಿಂದ ತೊಯ್ದ ಮಧ್ಯವಯಸ್ಕನೊಬ್ಬ, ಸಬ್‌ಟೈಟಲ್, ಐದು ಸಹಿ, ಅಬುಧಾಬಿ ಎಂದೆಲ್ಲ ಉಸಿರುಗಟ್ಟಿ ಹೇಳಿದ್ದನ್ನು ಅವರು ನಂಬಿದ್ದು ಯಾಕೋ ತಿಳಿಯದು. ಬಾಗಲಕೋಟೆಯವರು. ಊಟದ ವಿರಾಮ ಅರ್ಧ ಗಂಟೆ ಉಳಿದಿತ್ತು. ಡಬ್ಬಿ ಕೈಯಲ್ಲಿ ಹಿಡಿದೇ ಬಂದರು. ಮೇಲ್ವಿಚಾರಕಿ ಅವರನ್ನೂ ಡಬ್ಬಿಯನ್ನೂ ನೋಡಿ ದೀಪ ಆರಿಸಿದಳು.

ಮೊದಲರ್ಧ ನೋಡದ ನರ್ಸ್‌ಗಾಗಿ ಎರಡು ಮಾತಿನಲ್ಲಿ ಕಥೆ ಹೇಳಿದೆ. ಎಣಿಕೆಯ ವಿಷಯ ಮಾತ್ರ ಹೇಳಲಿಲ್ಲ. ಹೇಳಿದರೆ ಮೋಸ. ಅರ್ಥ ಆಗಲೇ ಗೊತ್ತಿದ್ದ ಹಾಜಿಯವರು ಬಾರದಿದ್ದುದೂ ಒಳ್ಳೆಯದೇ ಆಯಿತು.

ಬೂಟಿನ ಅಂಗಡಿ ಬಂತು. ದರ್ಜಿ ಬೆರಳೆತ್ತಿದ. ಇವ ಒಂದಲ್ಲ. ಇವ ಎರಡಲ್ಲ. ಇವ ಮೂರಲ್ಲ. ಇವ ನಾಲ್ಕಲ್ಲ ಎನ್ನುವಾಗ ಬೂಟಿನಂಗಡಿಯ ಮುದುಕ ಸಿಟ್ಟಿಗೆದ್ದು “ನಾಲ್ಕಲ್ಲದಿದ್ದರೆ ನಾನ್ಯಾರು?” ಎಂದ. ಕತ್ತಲಲ್ಲಿ ನರ್ಸ್ ಫಕ್ಕನೆ ನಕ್ಕರು. ಉಳಿದವರ ಹೆಗಲುಗಳು ಅಲುಗಿದವು. ಐದಲ್ಲ, ಆರಲ್ಲ, ಸಾಲುಗಳು ಪಟಪಟನೆ ಮೂಡಿ ಮರೆಯಾದವು. ಇವ ಒಂಬತ್ತಲ್ಲ. ಬೆರಳು ಖಾಲಿ ಜಾಗಕ್ಕೆ ಬಂದು ನಿಂತಿತು. ಪರದೆಯ ಮೇಲೆ ಅಕ್ಷರವಿಲ್ಲ.

“ಅಯ್ಯ,” ಎಂದರು ನರ್ಸ್ ಮೆಲ್ಲಗೆ, ತಮಗೆ ತಾವೇ. “ಒಬ್ಬಾಂವ ಕಮ್ಮಿ ಬಿದ್ದ ನೋಡ್ರಿ.”

ಮೇಲ್ವಿಚಾರಕಿಗೆ ಕನ್ನಡ ಬಾರದು. ಆದರೂ ಕತ್ತಲಲ್ಲಿ ನನ್ನ ಕಡೆ ತಿರುಗಿ ತಲೆಯಾಡಿಸಿದಳು.

ತುಣುಕು ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೋಗಿ, ದರ್ಜಿ ಬಾಗಿಲಾಚೆ ಓಡುವಲ್ಲಿ ನಿಲ್ಲುತ್ತಿತ್ತು. ದೀಪ ಹಾಕಿದರು. ಐವರೂ ‘ಅರ್ಥವಾಯಿತು’ ಎಂದು ಗುರುತು ಹಾಕಿ ಸಹಿ ಮಾಡಿದರು. ನರ್ಸ್ ಸಹಿಯ ಕೆಳಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆದರು. ಎಷ್ಟು ವರ್ಷ ಆಯ್ತೋ ಕನ್ನಡದಾಗ ಬರದು ಎಂದು, ಒಮ್ಮೆ ನೋಡಿ, ಒಂದು ಕೊಂಬು ತಿದ್ದಿದರು. ಅವರ ವಿರಾಮ ಮುಗಿದಿತ್ತು. ಡಬ್ಬಿ ತೆರೆದಿರಲೇ ಇಲ್ಲ. ಕಳಿಸಿಕೊಡಲು ಬಾಗಿಲವರೆಗೆ ಹೋದೆ.

“ಸರ, ಹೊತ್ತು ಮುಳುಗೂದ್ರಾಗ ಹತ್ತನೇದಾಂವ ಸಿಗ್ತಾನೇನ್ರಿ?”

“ಊರಿಗೆ ಹೋಗುವಾಗ ವಿಮಾನದಲ್ಲಿ ನೋಡಿ ಮೇಡಂ.”

“ಅದರಾಗ ಕನ್ನಡದಾಗ ಇರ್ತೈತೇನ್ರಿ?”

“ಇರ್ತದೆ,” ಎಂದೆ. ಯೋಚಿಸದೆ, ತಿರುಗಿ ನೋಡದೆ ಹೇಳಿದೆ. ಹೇಳಿ ಆದ ಮೇಲೆ ಕೈಯಲ್ಲಿದ್ದ ಸಹಿಗಳನ್ನು ಎಣಿಸಲೂ ಇಲ್ಲ.